ಗುಂಡಿಮಗ್ಗದವರ ಐದು ಗೆಲುವು

ಹೋದ ವಾರ ನಮ್ಮ ಹಿತ್ತಲಲ್ಲಿ ಒಂದು ಬಕೆಟ್ ನೀರು ಕೆಂಪಗೆ ನಿಂತಿತ್ತು. ಮೊಮ್ಮಗನ ಬನಿಯನ್ ನೆನೆಹಾಕಿದ್ದ ನೀರು. ಅವನು ದಾವಣಗೆರೆಯ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಕೆಲಸ ಅಂದರೆ ನೂಲು ತೆಗೆಯುವುದಲ್ಲ, ಬ್ಯಾಸ್ಕೆಟ್‌ಬಾಲ್ ಆಡುವುದು. ಕಂಬದ ಮೇಲಿನ ಬಳೆಯೊಳಕ್ಕೆ ಚೆಂಡು ಎಸೆದು ಬಂದರೆ ಗಿರಣಿಯವರು ಸಂಬಳ ಕೊಡುತ್ತಾರಂತೆ. ಹೊಸದಾಗಿ ಕಟ್ಟಿದ ತಂಡ, ಯಾರೂ ಅದಕ್ಕೆ ಸೊಪ್ಪು ಹಾಕಿರಲಿಲ್ಲ. ಈ ಸಲ ಶುರುವಿನ ನಾಲ್ಕು ಪಂದ್ಯವನ್ನೂ ಗೆದ್ದು ಕೂತಿದ್ದಾರೆ. ಎರಡು ದಿನದ ಮಟ್ಟಿಗೆ ಬಂದವನು ರೊಟ್ಟಿ ಮುರಿಯುವಾಗಲೂ ಅದನ್ನೇ ಹೇಳಿದ, ಚಪ್ಪಲಿ ಮೆಟ್ಟುವಾಗಲೂ ಅದನ್ನೇ ಹೇಳಿದ.

ಬನಿಯನ್ ಬಣ್ಣ ಬಿಟ್ಟದ್ದನ್ನು ಕಂಡು ನನ್ನ ಸೊಸೆ ಗಿರಣಿಯವರಿಗೆ ಬೈದಳು. ಐವತ್ತು ವರ್ಷ ರೇಷ್ಮೆಗೆ ಬಣ್ಣ ಹಾಕಿದ ಮುದುಕ ನಾನು, ಅಂಥ ಕಚ್ಚಾ ಕೆಂಪನ್ನು ನೋಡಿ ನಗಬೇಕಿತ್ತು. ನಗು ಬರಲಿಲ್ಲ. ಬಚ್ಚಲ ಗೋಡೆ ಹಿಡಿದು ನಿಂತುಬಿಟ್ಟೆ. ಸಾಲಾಗಿ ಗೆಲುವು, ನೀರಿನಲ್ಲಿ ಕೆಂಪು... ನಲವತ್ತೈದು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಎದ್ದು ಬಂತು. ಸೊಸೆ ನೀರು ತಂದುಕೊಟ್ಟಳು. ಬಿಸಿಲಿಗೆ ತಲೆ ಸುತ್ತಿರಬೇಕು ಅಂದಳು. ನಾನೂ ಹೌದು ಅಂದೆ.

ಆ ಮಾತು ನಮ್ಮ ಪಕ್ಕದ ಮನೆಯ ಮಾವನ ವಿಷಯದ್ದು. ಮೊಳಕಾಲ್ಮೂರಿನಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ನೆಂಟಸ್ತನ ಏನೂ ಇರಲಿಲ್ಲ. ನಮ್ಮವ್ವ ಅವನನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ಅವನ ಹೆಂಡತಿ ನನಗೆ ಅತ್ತೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಅಂದುಕೊಳ್ಳಿ.

ಮಾವ ಸೀರೆ ನೇಯುತ್ತಿದ್ದ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟುಕೊಂಡು ತುಳಿಯುವ ಮಗ್ಗ. ಬೆಳಿಗ್ಗೆ ಇಳಿದರೆ ಉಣ್ಣುವ ಹೊತ್ತಿಗೆ ಮೇಲೆ ಬರುತ್ತಿದ್ದ, ಉಂಡು ಮತ್ತೆ ಇಳಿಯುತ್ತಿದ್ದ. ಮೂವತ್ತೈದರ ಆಸುಪಾಸಿನ ವಯಸ್ಸು. ಮೈಯಲ್ಲಿ ಮಾಂಸ ಅಂತ ಇದ್ದದ್ದು ಮೀನಖಂಡದಲ್ಲಿ ಮಾತ್ರ, ಉಳಿದದ್ದೆಲ್ಲ ಎಲುಬು. ನಮ್ಮ ಕಡೆಯವರ ಹಾಗೆ ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುತ್ತಿದ್ದ. ನನ್ನನ್ನು ಕರೆಯುತ್ತಿದ್ದದ್ದು ‘ಅಲ್ಲುಡೂ’ ಅಂತ, ಅಂದರೆ ಅಳಿಯ. ಏನೇ ಕೆಟ್ಟರೂ, ನೂಲು ಹರಿದರೂ, ಸಾಹುಕಾರರು ಬೈದರೂ, ‘ಪೋನೀಲೇ ಅಲ್ಲುಡೂ’ ಅನ್ನುತ್ತಿದ್ದ. ಹೋಗಲಿ ಬಿಡು ಅನ್ನುವುದು ಅವನ ಬಾಯಿಯಲ್ಲಿ ಬೈಗುಳಕ್ಕಿಂತ ಮುಂಚೆ ಬರುತ್ತಿತ್ತು.

ನಮ್ಮದು ಬಣ್ಣದ ಮನೆ. ಅರಗು, ಪಟಿಕ, ಹುಣಸೆಹುಳಿ ಹಾಕಿ ಕುದಿಸಿದ ಕೆಂಪಿನಲ್ಲಿ ರೇಷ್ಮೆಯ ಲಡಿಗಳನ್ನು ಅದ್ದಿ, ಬೀದಿಯ ಎರಡೂ ಕಡೆ ಗಳಕ್ಕೆ ನೇತುಹಾಕುತ್ತಿದ್ದೆವು. ಕೆಳಗೆ ಹೋದವರ ಮೈಮೇಲೆ ತೊಟ್ಟಿಕ್ಕುತ್ತಿತ್ತು. ನಮ್ಮ ಬೀದಿಯಲ್ಲಿ ಕೆಂಪು ಕಲೆ ಇಲ್ಲದ ಬಟ್ಟೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ಮೊದಲ ತಿಂಗಳು ತಿಕ್ಕಿ ತಿಕ್ಕಿ ಒಗೆಯುತ್ತಿದ್ದರು, ಎರಡನೆಯ ತಿಂಗಳು ಕೈಬಿಡುತ್ತಿದ್ದರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಮಾಡಿದ ತಪ್ಪು ಬೇರೆ ಯಾವ ಬೀದಿಯಲ್ಲೂ ಮಾಡಲು ಸಾಧ್ಯವಿರಲಿಲ್ಲ.

ಇನ್ನು ಆಟದ ಮಾತು. ಸುಗ್ಗಿ ಮುಗಿದು ಕಣಗಳು ಖಾಲಿಯಾದರೆ ನಮ್ಮ ಸೀಮೆಯಲ್ಲಿ ಚೆಡುಗುಡು ಶುರು. ರಾಗಿ ತುಳಿಸಿ ತುಳಿಸಿ ಕಣದ ನೆಲ ಗಟ್ಟಿಯಾಗಿರುತ್ತದೆ. ಅದರ ನಡುವೆ ಒಂದು ಗೆರೆ ಎಳೆದರೆ ಆಯಿತು. ಒಬ್ಬ ‘ಚೆಡುಗುಡು ಚೆಡುಗುಡು’ ಅನ್ನುತ್ತಾ ಒಂದೇ ಉಸಿರಿನಲ್ಲಿ ಗೆರೆ ದಾಟಿ ಹೋಗಬೇಕು, ಎದುರಿನವರನ್ನು ಮುಟ್ಟಬೇಕು, ಉಸಿರು ಮುರಿಯುವುದರೊಳಗೆ ವಾಪಸು ಬರಬೇಕು. ಯುಗಾದಿಯ ತನಕ ಊರೂರಿಗೆ ಪಂದ್ಯ. ದೊಡ್ಡ ವ್ಯಾಪಾರಿಗಳು ಕೂಲಿ ಕೊಟ್ಟು ತಂಡ ಕಟ್ಟುತ್ತಿದ್ದರು. ಚಳ್ಳಕೆರೆಯ ಒಬ್ಬ ಕಂಬಳಿ ವ್ಯಾಪಾರಿಯ ತಂಡವಂತೂ ಗರಡಿಯಲ್ಲಿ ಸಾಮು ಮಾಡಿದ ಆಳುಗಳದ್ದು. ಅವರಿಗೆ ಹಾಲು, ಬಾದಾಮಿ ಎಲ್ಲ ವ್ಯಾಪಾರಿಯದೇ.

ನೇಕಾರರು ಚೆಡುಗುಡು ಆಡುವುದು ಅಂದರೆ ಆಗ ಜನ ನಗುತ್ತಿದ್ದರು. ಒಂದು ದಿನ ಚಳ್ಳಕೆರೆ ಸಂತೆಯಲ್ಲಿ ಆ ಕಂಬಳಿ ವ್ಯಾಪಾರಿ ನಮ್ಮ ಸೀರೆ ಸಾಹುಕಾರರನ್ನು ಹತ್ತು ಜನರ ಮುಂದೆ ಕೆಣಕಿದ.

“ನಿಮ್ಮೂರಾಗೆ ಗಂಡಸ್ರು ಎಲ್ಲವ್ರೆ ಸಾಹುಕಾರ್ರೆ? ಎಲ್ಲಾ ಸೊಂಟದ ಮಟ ಗುಂಡಿಯಾಗೆ ಹೂತ್ಕೊಂಡವ್ರೆ!”

ಸಾಹುಕಾರರು ಉರಿದುಕೊಂಡು ಬಂದರು. ಮರುದಿನವೇ ನಮ್ಮ ಬೀದಿಯಲ್ಲಿ ನಿಂತು, ಈ ಸಲ ನಮ್ಮದೂ ಒಂದು ತಂಡ, ಆಡಿದ ದಿನ ನೇಯ್ದಷ್ಟೇ ಕೂಲಿ ಅಂದರು. ಎಂಟು ಜನ ಸೇರಿದೆವು, ಏಳು ಮಂದಿ ನೇಕಾರರು ಮತ್ತು ನಾನು. ನನಗಾಗ ಇಪ್ಪತ್ತು. ಬಣ್ಣದ ಕೊಪ್ಪರಿಗೆ ಎತ್ತಿ ಎತ್ತಿ ತೋಳು ಗಟ್ಟಿಯಾಗಿದ್ದವು, ತಲೆ ಇನ್ನೂ ಆಗಿರಲಿಲ್ಲ. ಮುಂದಾಳು ಯಾರು ಅಂದಾಗ ಯಾರೂ ಮುಂದೆ ಬರಲಿಲ್ಲ. ಮಾವ ಗುಂಡಿಯಿಂದ ಮೇಲೆ ಬಂದು, ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಒರೆಸಿಕೊಂಡು, “ನಾನಿರ್ತೀನಿ ಕಣ್ರಿ” ಅಂದ. ಸಾಹುಕಾರರು ಅವನ ಎಲುಬುಗಳನ್ನು ನೋಡಿ, ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಆದರೆ ಅವನಿಗೆ ಒಂದು ವಿಷಯ ಗೊತ್ತಿತ್ತು, ಗರಡಿಯವರಿಗೆ ಅದು ಗೊತ್ತಿರಲಿಲ್ಲ. ಸೆರಗಿನಲ್ಲಿ ನವಿಲು, ಗಿಳಿ ಎತ್ತುವಾಗ ಜರಿಯ ಎಳೆ ಒಂದಿಷ್ಟೂ ಅಲುಗಬಾರದು. ಅದಕ್ಕೆ ನೇಕಾರ ಉಸಿರು ಕಟ್ಟಿ ಕೂರುತ್ತಾನೆ. ಹುಟ್ಟಿದಾಗಿನಿಂದ ಅದೇ ಅಭ್ಯಾಸ. ಮಾವ ನಮ್ಮನ್ನು ಕಣಕ್ಕೆ ಕರೆದುಕೊಂಡು ಹೋಗಲೇ ಇಲ್ಲ, ಮಗ್ಗದಲ್ಲೇ ಕೂರಿಸಿದ. ತುಳಿಯುತ್ತಾ, ಲಾಳಿ ಎಸೆಯುತ್ತಾ, ‘ಚೆಡುಗುಡು’ ಅನ್ನಬೇಕು. ಉಸಿರು ಮುರಿಯುವ ತನಕ ಲಾಳಿ ಎಷ್ಟು ಸಲ ಓಡಿತು ಅನ್ನುವುದೇ ಅಳತೆ. ನಾವು ಇಪ್ಪತ್ತಕ್ಕೋ ಇಪ್ಪತ್ತೈದಕ್ಕೋ ನಾಲಿಗೆ ಹೊರಗೆ ಹಾಕುತ್ತಿದ್ದೆವು. ಮಾವ ಐವತ್ತು ದಾಟಿಸುತ್ತಿದ್ದ. ಅತ್ತೆ ಪಕ್ಕದಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ನಗುತ್ತಿದ್ದಳು. “ಜಗಳ ಆಡುವಾಗ ಈ ಉಸ್ರು ಎಲ್ಲಿಗೋಗ್ತೈತೋ! ಒಂದು ಮಾತಿಗೆ ಎದ್ದು ಹೋಗ್ತಾನೆ” ಅನ್ನುತ್ತಿದ್ದಳು.

ಮೊದಲ ಪಂದ್ಯ ನನ್ನಿವಾಳದವರ ಮೇಲೆ. ಗಾಡಿ ಕಟ್ಟಿಕೊಂಡು ಹೋದಾಗ ಅಲ್ಲಿನ ಹೆಂಗಸರು ನಮ್ಮನ್ನು ನೋಡಿ, ಸೀರೆ ಮಾರುವವರು ಬಂದರು ಅಂದುಕೊಂಡು ಹೊರಗೆ ಬಂದರಂತೆ. ಆ ಬೇಸಾಯಗಾರರು ಎತ್ತು ಇದ್ದ ಹಾಗಿದ್ದರು. ಹಿಡಿದರೆ ಬಿಡುವ ಪೈಕಿಯಲ್ಲ. ಆದರೆ ಮಾವನನ್ನು ಹಿಡಿಯುವುದಕ್ಕೇ ಆಗಲಿಲ್ಲ. ಅವನು ಗೆರೆ ದಾಟಿ ಒಂದು ಮೂಲೆಯಲ್ಲಿ ಚೆಡುಗುಡು ಅನ್ನುತ್ತಾ ನಿಂತೇ ಇರುತ್ತಿದ್ದ. ಎದುರಿನವರು ಇವನ ಉಸಿರು ಈಗ ಮುರಿಯುತ್ತದೆ, ಈಗ ಮುರಿಯುತ್ತದೆ ಅಂತ ಕಾದು ಕಾದು, ಬೇಸತ್ತು ಕೈ ಸಡಿಲ ಬಿಟ್ಟಾಗ ಇಬ್ಬರನ್ನು ಮುಟ್ಟಿ ಬರುತ್ತಿದ್ದ. ಗೆದ್ದೆವು. ನಮಗೇ ನಂಬಿಕೆ ಬರಲಿಲ್ಲ.

ಎರಡನೆಯದು ದೇವಸಮುದ್ರದ ಕುರಿಗಾರರ ಮೇಲೆ. ಓಟದಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೂ ಗೆದ್ದೆವು. ಕಣ ಇಳಿಜಾರಾಗಿತ್ತು ಅಂತ ಅವರು ಜಗಳ ತೆಗೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಮ್ಮ ಸಾಹುಕಾರರು ಗಾಡಿಯ ಮೇಲೆ ನಿಂತು ಕೂಗಿದರು. ಮೂರನೆಯದು ಜಟಿಂಗ ರಾಮೇಶ್ವರದ ಬೆಟ್ಟದ ಬುಡದಲ್ಲಿ. ಅದನ್ನೂ ಗೆದ್ದೆವು. ಊರಿಗೆ ಊರೇ ಹುಚ್ಚೆದ್ದಿತು. ಪೇಟೆಯ ಬಳೆ ಸಾಬರು ನನ್ನನ್ನು ಕಂಡರೆ “ಆವೋ ಪೈಲ್ವಾನ್” ಅನ್ನತೊಡಗಿದರು. ಹುಟ್ಟಿದಾಗಿನಿಂದ ಕೆಂಪು ಕೈಯವನು ಅಂತ ಹಾಸ್ಯಕ್ಕೆ ಗುರಿಯಾಗಿದ್ದ ನನಗೆ ಅಂಗಡಿಗಳಲ್ಲಿ ಕೂರಲು ಮಣೆ ಹಾಕುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲೇ ಹಿಡಿದೆ.

ಆ ಮೂರನೆಯ ಪಂದ್ಯ ಮುಗಿದ ಮೇಲೆ ಬೆಟ್ಟದ ಬುಡದ ಹುಣಸೆಮರದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದ್ದರು. ಮಾವ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಒಂದು ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಕೆಮ್ಮುತ್ತಿದ್ದ. ಕೆಮ್ಮಿ ಬಾಯಿಗೆ ವಲ್ಲಿ ಒತ್ತಿಕೊಂಡ. ತೆಗೆದಾಗ ಅದರ ಮೇಲೆ ಕೆಂಪು. ನನ್ನ ಕಡೆ ತಿರುಗಿ ನೋಡಿದ.

“ಬಣ್ಣ ಕಣೋ, ಅಲ್ಲುಡೂ” ಅಂದ.

ಬಣ್ಣ ಹಾಕುವವನಿಗೆ ಹೇಳಿದ ಮಾತು ಅದು. ಅರಗಿನ ಕೆಂಪು ಹೇಗಿರುತ್ತದೆ, ಅದು ಹತ್ತಿಬಟ್ಟೆಗೆ ತಾಗಿದರೆ ಹೇಗೆ ಹರಡುತ್ತದೆ, ಒಣಗಿದರೆ ಅಂಚು ಹೇಗಾಗುತ್ತದೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಬೀದಿಯಲ್ಲಿ ಬೇರೆ ಯಾರೇ ಆಗಿದ್ದರೂ ನಂಬುತ್ತಿದ್ದರು. ನಾನೊಬ್ಬ ನಂಬುವುದು ಸಾಧ್ಯವಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಹಾಗೆ ನೋಡಿದ ಅಂತ ಈಗ ಅನ್ನಿಸುತ್ತದೆ. ನಾನು ಅಲ್ಲ ಅಂದಿದ್ದರೆ ಪೋನೀಲೇ ಅಂದು ಆಟ ಬಿಟ್ಟುಬಿಡುತ್ತಿದ್ದನೇನೋ...

“ಹ್ಞೂ ಮಾವ, ಬಣ್ಣನೇ” ಅಂದೆ.

ಅವನು ವಲ್ಲಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಇಬ್ಬರೂ ಬಂದು ಬುತ್ತಿ ಉಂಡೆವು.

ಯಾಕೆ ಹಾಗಂದೆ ಅಂತ ಸಾವಿರ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಅಂದುಕೊಳ್ಳೋಣ ಅಂದರೆ ಅದು ಸುಳ್ಳು. ಕ್ಷಯ ಎಂದರೆ ಏನು ಅಂತ ನಮ್ಮ ಬೀದಿಗೆ ಚೆನ್ನಾಗಿ ಗೊತ್ತಿತ್ತು. ಗುಂಡಿಯ ತಂಪಿನಲ್ಲಿ, ನೂಲಿನ ಧೂಳಿನಲ್ಲಿ ಕೂತು ಕೆಮ್ಮಿ ಹೋದವರು ಎಲ್ಲ ಮನೆಯಲ್ಲೂ ಒಬ್ಬೊಬ್ಬರು ಇದ್ದರು. ಚಳ್ಳಕೆರೆಯಲ್ಲಿ ಒಬ್ಬ ಪಂಡಿತರಿದ್ದರು. ರಕ್ತ ಕಾಣಿಸಿಕೊಂಡವರಿಗೆ ಅವರು ಮೊದಲು ಹೇಳುತ್ತಿದ್ದದ್ದೇ ಉಸಿರು ಕಟ್ಟಬೇಡಿ, ಓಡಬೇಡಿ, ಬಯಲ ಗಾಳಿಗೆ ಮಲಗಿ, ಆಡಿನ ಹಾಲು ಕುಡಿಯಿರಿ ಅಂತ. ಹಾಗೆ ಮಾಡಿ ಏಳೆಂಟು ವರ್ಷ ಬದುಕಿದವರನ್ನು ಕಂಡಿದ್ದೆ. ಇವೆಲ್ಲ ಗೊತ್ತಿದ್ದೂ ಸುಮ್ಮನಿದ್ದೆ. ಮೂರು ಗೆದ್ದಿದ್ದೆವು. ಮಾವ ಇಲ್ಲದಿದ್ದರೆ ನಾಲ್ಕನೆಯದು ಇರಲಿಲ್ಲ, ನನಗೆ ಮಣೆ ಹಾಕುವವರೂ ಇರುತ್ತಿರಲಿಲ್ಲ. ಇಷ್ಟೇ ಕಾರಣ.

ನಾಲ್ಕನೆಯದನ್ನೂ ಗೆದ್ದೆವು. ಅವತ್ತು ಮಾವನನ್ನು ಹೆಗಲ ಮೇಲೆ ಹೊತ್ತುಕೊಂಡು ಪೇಟೆಬೀದಿಯಲ್ಲಿ ಬಂದವರಲ್ಲಿ ನಾನೂ ಒಬ್ಬ. ಹೊತ್ತಾಗ ಅವನು ಎಷ್ಟು ಹಗುರಾಗಿದ್ದ ಅನ್ನುವುದು ನನ್ನ ಹೆಗಲಿಗೆ ಗೊತ್ತಾಯಿತು. ಅವನ ಮುಖ ಮಾತ್ರ... ಆ ಮುಖವನ್ನು ಹೇಗೆ ಬರೆಯಲಿ. ಹತ್ತು ವರ್ಷದವನಿದ್ದಾಗ ಗುಂಡಿಗೆ ಇಳಿದ ಮನುಷ್ಯ. ಅವನು ನೇಯ್ದ ಸೀರೆ ಉಟ್ಟು ಯಾರ್ಯಾರೋ ಮದುವೆಯಾಗುತ್ತಿದ್ದರು, ಯಾರೂ ಅವನ ಮುಖ ಕಂಡಿರಲಿಲ್ಲ. ಈಗ ಜನ ಮಹಡಿ ಮೇಲೆ ನಿಂತು ಅವನನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಅವನು ನಾಚಿಕೊಂಡು, ಎರಡೂ ಕೈಯಲ್ಲಿ ಎಲ್ಲರಿಗೂ ನಮಸ್ಕಾರ ಮಾಡುತ್ತಾ ಬಂದ.

ಅದಾದ ಮೂರನೆಯ ದಿನ ಮಧ್ಯಾಹ್ನ, ನಾನು ಲಡಿ ಒಣಹಾಕಲು ಹೊರಗೆ ಬಂದೆ. ಅತ್ತೆ ಅವರ ಮನೆಯ ಮುಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಮಗ್ಗ ಆಡುತ್ತಿತ್ತು. ಅತ್ತೆ ನನ್ನನ್ನು ಕರೆದಳು. ಕೈಯಲ್ಲಿ ಮಾವನ ವಲ್ಲಿ.

“ಅಳಿಯಾ, ಬಾ ಇಲ್ಲಿ. ನೀನು ಬಣ್ಣದೋನು, ಹೇಳು. ಇದ್ಯಾವ ಕೆಂಪೋ? ಚೌಳು ಮಣ್ಣು ಹಾಕಿ ಎಷ್ಟು ತಿಕ್ಕಿದ್ರೂ ಕಂದು ಹಂಗೇ ಉಳ್ಕತೈತೆ.”

ಅರಗಿನ ಕೆಂಪು ಚೌಳು ಮಣ್ಣಿಗೆ ಬಿದ್ದರೆ ನೇರಳೆಗೆ ತಿರುಗುತ್ತದೆ. ನಮ್ಮ ಬೀದಿಯ ಹಳೆಯ ಬಟ್ಟೆಗಳ ಮೇಲೆಲ್ಲ ಇದ್ದದ್ದು ನೇರಳೆ ಕಲೆಗಳೇ. ಕಂದು ಬಣ್ಣಕ್ಕೆ ತಿರುಗುವ ಕೆಂಪು ಒಂದೇ. ಅತ್ತೆ ಕಂಡಿಕೆ ಸುತ್ತುವವಳು, ಆ ಕೆಂಪು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಅವಳ ಕಣ್ಣಿಗೆ ಏನೋ ಸರಿಕಂಡಿರಲಿಲ್ಲ, ಅದಕ್ಕೇ ಕೇಳಿದಳು. ಅವಳು ಕೇಳಿದ ಕೂಡಲೇ ಒಳಗೆ ಮಗ್ಗದ ಸದ್ದು ನಿಂತಿತು. ಮಾವ ಕೇಳಿಸಿಕೊಳ್ಳುತ್ತಿದ್ದ.

ಐದನೆಯ ಪಂದ್ಯಕ್ಕೆ ನಾಲ್ಕು ದಿನ ಇತ್ತು. ಆರನೆಯದು ಚಳ್ಳಕೆರೆಯ ಕಂಬಳಿ ವ್ಯಾಪಾರಿಯ ತಂಡದ ಮೇಲೆ ಅಂತ ಆಗಲೇ ಗೊತ್ತಾಗಿತ್ತು.

“ಹೊಸಾ ಬಣ್ಣದ ಪುಡಿ ಅತ್ತೆ, ಜರ್ಮನಿದು. ಅದು ಹಂಗೇ ಕಂದಾಗ್ತೈತೆ” ಅಂದೆ.

ಅತ್ತೆಯ ಮುಖ ಬಿಚ್ಚಿಕೊಂಡಿತು. “ಸುಡ್ಲಿ ನಿಮ್ಮ ಪುಡಿ! ನಾನು ಏನೋ ಅಂತ ಹೆದ್ರಿದ್ದೆ ಕಣೋ” ಅಂದು ನಕ್ಕಳು. ವಲ್ಲಿಯನ್ನು ಹಿಂಡಿ, ಕೊಡವಿ, ಗಳಕ್ಕೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಮಗ್ಗ ಮತ್ತೆ ಆಡತೊಡಗಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಆಡಿದ ಮೇಲೆ ಒಂದು ಗಳಿಗೆ ಅಲ್ಲೇ ನಿಂತಿದ್ದೆ, ತಿರುಗಿ ಹೇಳಬಹುದಿತ್ತು. ಹೇಳಲಿಲ್ಲ. ಲಡಿ ಒಣಹಾಕಿ ಒಳಗೆ ಹೋದೆ.

ಐದನೆಯ ಪಂದ್ಯ ನಮ್ಮೂರಲ್ಲೇ ಆಯಿತು. ಅದನ್ನೂ ಗೆದ್ದೆವು. ಅತ್ತೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು ಕಣದ ಅಂಚಿನಲ್ಲಿ ಹೆಂಗಸರ ನಡುವೆ ಕೂತಿದ್ದಳು. ಮಾವ ಮೂವರನ್ನು ಮುಟ್ಟಿ ಬಂದಾಗ ಪಕ್ಕದವಳ ತೊಡೆಗೆ ಹೊಡೆದು, “ಕಂಡ್ಯೇನೇ? ನಮ್ಮನೇರು!” ಅಂದದ್ದು ನನ್ನ ಕಿವಿಗೂ ಬಿತ್ತು. ಅವತ್ತು ಅವಳು ಎಷ್ಟು ಚೆನ್ನಾಗಿ ಕಾಣುತ್ತಿದ್ದಳು.

ಆರನೆಯದಕ್ಕೆ ಚಳ್ಳಕೆರೆಗೆ ಹದಿನೈದು ಗಾಡಿ ಜನ ಹೋದೆವು. ದಾರಿಯಲ್ಲಿ ಮಾವ ಗಾಡಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಬಿಸಿಲಿಗೂ ಅವನಿಗೆ ಚಳಿ. ನಾನು ಪಕ್ಕದಲ್ಲಿದ್ದೆ. ಆಡಬೇಡ ಮಾವ ಅಂತ ಹೇಳಲು ಇಡೀ ದಾರಿ ಇತ್ತು. ಅವನ ಮಂಡಿ ನನ್ನ ಮಂಡಿಗೆ ತಾಗುತ್ತಿತ್ತು, ಜ್ವರದ ಬಿಸಿ ಬಟ್ಟೆಯ ಮೇಲೇ ಗೊತ್ತಾಗುತ್ತಿತ್ತು.

ಕಣದ ಸುತ್ತ ಕಾಲಿಡಲು ಜಾಗ ಇರಲಿಲ್ಲ. ಆಟ ಸಮಸಮವಾಗಿ ನಡೆಯಿತು. ನಮ್ಮಲ್ಲಿ ಮೂವರು ಉಳಿದಿದ್ದಾಗ, ಅವರಲ್ಲಿ ನಾಲ್ವರು ಉಳಿದಿದ್ದಾಗ, ಮಾವ ಗೆರೆ ದಾಟಿದ. ಚೆಡುಗುಡು ಚೆಡುಗುಡು ಅನ್ನುತ್ತಾ ಹೋಗಿ ಒಬ್ಬನನ್ನು ಮುಟ್ಟಿದ. ಇನ್ನೊಬ್ಬನನ್ನು ಮುಟ್ಟಿದ. ವಾಪಸು ತಿರುಗಿದ. ಗೆರೆಗೆ ನಾಲ್ಕು ಮಾರು ಇತ್ತು, ಅವನನ್ನು ಯಾರೂ ಹಿಡಿದಿರಲಿಲ್ಲ. ಅಲ್ಲೇ ಅವನ ದನಿ ನಿಂತುಹೋಯಿತು.

ದನಿ ನಿಂತ ಆ ಕ್ಷಣ ನನ್ನ ಮನಸ್ಸಿಗೆ ಮೊದಲು ಬಂದದ್ದೇನು ಗೊತ್ತೇ? ಸೋತೆವಲ್ಲ ಅಂತ. ನನಗಿಂತ ನೀಚರನ್ನು ನಾನು ಕಂಡಿಲ್ಲ.

ಮಾವ ನಿಂತಲ್ಲೇ ಮೊಣಕಾಲೂರಿದ. ಕೆಮ್ಮಿದ. ಕಣದ ಬಿಳಿ ಧೂಳಿನ ಮೇಲೆ ರಕ್ತ ಬಿತ್ತು. ಅಲ್ಲಿ ಬಣ್ಣದ ಲಡಿಗಳಿರಲಿಲ್ಲ. ಎಲ್ಲರಿಗೂ ಅದು ಏನೆಂದು ಕಂಡಿತು. ಎದುರು ತಂಡದ ಒಬ್ಬ ದೊಡ್ಡ ಆಳು, ಅಷ್ಟು ಹೊತ್ತು ಮಾವನನ್ನು ಹಿಡಿಯಲು ಹೊಂಚು ಹಾಕಿದ್ದವನು, ಬಗ್ಗಿ ಅವನನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ. ನಮ್ಮ ಕಡೆ ತಿರುಗಿ ಕೂಗಿದ.

“ಲೇ, ಮನುಷ್ಯರೇನ್ರಲೇ ನೀವು? ಇಂಥೋನ್ನ ಆಡಾಕೆ ಬಿಟ್ಟೀರಲ್ಲೋ! ಯಾರಿಗೂ ಗೊತ್ತಿರ್ಲಿಲ್ವೇನ್ರೋ?”

ನಮ್ಮ ತಂಡದವರೆಲ್ಲ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಅಂದರು. ಅವರದು ನಿಜ. ನಾನೂ ಅವರ ಜೊತೆ ಅಂದೆ.

ಪಂಡಿತರು ನಾಡಿ ಹಿಡಿದು, ಎಷ್ಟು ದಿನದಿಂದ ರಕ್ತ ಅಂತ ಕೇಳಿದರು. ಮಾವ ನನ್ನ ಕಡೆ ನೋಡದೆ, “ಇವತ್ತೇ ಸ್ವಾಮಿ” ಅಂದ. ಅಂಥ ಹೊತ್ತಿನಲ್ಲೂ ನನ್ನನ್ನು ಕಾಪಾಡಿದ.

ಅಲ್ಲಿಗೆ ನಮ್ಮ ತಂಡ ಮುಗಿಯಿತು. ಉಳಿದ ಪಂದ್ಯಗಳಿಗೆ ಯಾರೂ ಹೋಗಲಿಲ್ಲ. ಸಾಹುಕಾರರು ಆಡಿನ ಹಾಲಿಗೆ ವ್ಯವಸ್ಥೆ ಮಾಡಿದರು, ಅವರಲ್ಲಿ ತಪ್ಪು ಹುಡುಕಲಾರೆ. ಮಾವನನ್ನು ಮನೆಯ ಹಿಂದಿನ ಬೇವಿನ ಮರದ ಕೆಳಗೆ ಮಂಚ ಹಾಕಿ ಮಲಗಿಸಿದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ನಾನು ದಿನಾ ಹೋಗಿ ಕೂರುತ್ತಿದ್ದೆ. ಅವನ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಐವತ್ತು ಲಾಳಿ ಓಡಿಸುತ್ತಿದ್ದ ಎದೆಗೆ ಒಂದು ಮಾತು ಮುಗಿಸಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ನೀರಿಗೆ ಹೋಗಿದ್ದಾಗ ಅವನ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಅಳುತ್ತಾ, ಮಾವ, ನಾನು ಹೇಳಬೇಕಿತ್ತು ಅಂದೆ.

“ಪೋನೀಲೇ ಅಲ್ಲುಡೂ” ಅಂದ. ಆಮೇಲೆ ಉಸಿರು ಕೂಡಿಸಿಕೊಂಡು, “ಐದು... ಗೆದ್ವಲ್ಲೋ” ಅಂದು ನಕ್ಕ. ನಕ್ಕದ್ದಕ್ಕೆ ಮತ್ತೆ ಕೆಮ್ಮು ಬಂತು. ನಾನೇ ಬಾಯಿ ಒರೆಸಿದೆ.

ಯುಗಾದಿ ನೋಡಲಿಲ್ಲ. ಹಬ್ಬಕ್ಕೆ ಎಂಟು ದಿನ ಇದ್ದಾಗ ಹೋದ. ಅವನಿಗೂ ಬದುಕುವ ಆಸೆ ಇತ್ತೋ, ಗೆಲ್ಲುವ ಆಸೆ ಅದಕ್ಕಿಂತ ದೊಡ್ಡದಿತ್ತೋ, ನನಗೆ ಗೊತ್ತಿಲ್ಲ. ಅದು ಅವನ ಮನಸ್ಸು, ಅವನ ಎದೆ, ಏನು ಬೇಕಾದರೂ ಮಾಡಿಕೊಳ್ಳುವ ಹಕ್ಕು ಅವನಿಗಿತ್ತು ಅಂತ ನನ್ನನ್ನು ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅತ್ತೆ ಕೇಳಿದ್ದಳಲ್ಲ. ಬಾಯಿಬಿಟ್ಟು ನನ್ನನ್ನೇ ಕೇಳಿದ್ದಳು. ಅವಳಿಗೆ ಗೊತ್ತಾಗಿದ್ದರೆ ಅವನನ್ನು ಕಟ್ಟಿಹಾಕಿಯಾದರೂ ಮಲಗಿಸುತ್ತಿದ್ದಳು. ಏಳೆಂಟು ವರ್ಷವೋ, ಎರಡೇ ವರ್ಷವೋ, ಆ ಮಕ್ಕಳು ಅಪ್ಪನ ಮುಖ ನೆನಪಿಟ್ಟುಕೊಳ್ಳುವಷ್ಟು ದಿನ ಇರುತ್ತಿದ್ದ.

ಅತ್ತೆ ಕಂಡಿಕೆ ಸುತ್ತಿ ಇಬ್ಬರನ್ನೂ ಬೆಳೆಸಿದಳು, ಮದುವೆ ಮಾಡಿದಳು. ನಾನೂ ಕೈಲಾದದ್ದು ಮಾಡಿದೆ. ಊರವರು ನನ್ನನ್ನು ಒಳ್ಳೆಯವನು, ಪಕ್ಕದ ಮನೆಯವಳನ್ನು ಕೈಬಿಡಲಿಲ್ಲ ಅನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ಎದ್ದು ಬೇರೆ ಕಡೆ ಹೋಗುತ್ತಿದ್ದೆ. ಹೇಳಿಬಿಡಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಮಕ್ಕಳು ದೊಡ್ಡವರಾಗಲಿ, ಮದುವೆಯಾಗಲಿ, ಅವಳ ಮಂಡಿನೋವು ಕಡಿಮೆಯಾಗಲಿ... ನೆಪಕ್ಕೇನು ಬರ.

ಹೋದ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನೋಡಲು ಹೋದೆ. ಕಣ್ಣು ಪೂರ್ತಿ ಮಂಜಾಗಿತ್ತು, ದನಿಯಿಂದ ನನ್ನನ್ನು ಗುರುತು ಹಿಡಿದಳು. ಮಗಳು ಹೊರಗಿದ್ದಳು. ಅತ್ತೆ ತಡವರಿಸಿ ನನ್ನ ಕೈ ಹಿಡಿದುಕೊಂಡಳು.

“ಅಳಿಯಾ, ಒಂದು ಮಾತು ಐತೆ. ಯಾರ ಕುಟ್ಟೂ ಹೇಳಿಲ್ಲ. ಆ ವಲ್ಲಿ ದಿನಾ ಒಗೀತಿದ್ದೋಳು ನಾನೇ ಅಲ್ವ? ರಕ್ತ ಅಂತ ನನಗ್ಯಾಕೆ ಹೊಳೀಲಿಲ್ಲ? ನೀನಾದ್ರೆ ಆಗ ಹುಡುಗ, ಹೊಸಾ ಪುಡಿ ಅಂದ್ಕಂಡೆ. ನಾನು ಹೆಂಡ್ತಿ ಕಣೋ. ನನಗೆ ಗೊತ್ತಾಗ್ಬೇಕಿತ್ತು. ಈ ಕೈಯಾಗೇ ತಿಕ್ಕಿ ತಿಕ್ಕಿ ಅವನ್ನ ಕಳಿಸ್ಬಿಟ್ಟೆ.”

ನಲವತ್ತೈದು ವರ್ಷ ಅವಳು ಇದನ್ನು ಹೊತ್ತುಕೊಂಡಿದ್ದಳು, ಗೋಡೆಯ ಆ ಕಡೆ. ನಾನು ಈ ಕಡೆ ಇದ್ದೆ. ಬಾಯಿ ತೆರೆದೆ. ಬಂದದ್ದು ಅಳು. ಮುದುಕನ ಅಳು, ನಿಲ್ಲಿಸಲು ಬರುವುದಿಲ್ಲ. ಅತ್ತೆ ನನ್ನ ಕೈಯನ್ನು ಸವರತೊಡಗಿದಳು.

“ಬಿಡು, ನೀನ್ಯಾಕೆ ಅಳ್ತೀಯೋ. ನಿಂದೇನು ತಪ್ಪೈತೆ. ನೀನು ಒಳ್ಳೇನು.”

ಆಗಲಾದರೂ ಹೇಳಬೇಕಿತ್ತು. ಅವಳು ಸವರುತ್ತಿದ್ದಳು, ನಾನು ಸವರಿಸಿಕೊಳ್ಳುತ್ತಾ ಕೂತಿದ್ದೆ. ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತು. ನಾಳೆ ಬಂದು ಹೇಳುತ್ತೇನೆ ಅಂದುಕೊಂಡು ಎದ್ದು ಬಂದೆ. ಮರುದಿನ ಹೋದಾಗ ಮಾತು ನಿಂತಿತ್ತು. ಎರಡು ದಿನ ಹಾಗೇ ಇದ್ದು ಹೋದಳು. ಮಣ್ಣು ಹಾಕುವಾಗ ಎಲ್ಲರಿಗಿಂತ ಮುಂದೆ ನನ್ನನ್ನೇ ಕರೆದರು. ಹಾಕಿದೆ.

ಪಕ್ಕದ ಮನೆಗೆ ಈಗ ಬೀಗ ಹಾಕಿದೆ. ಗುಂಡಿಯನ್ನು ಮುಚ್ಚಿ ಎಷ್ಟೋ ವರ್ಷವಾಯಿತು. ಕೂಲಿಮಠದಲ್ಲಿ ಕಲಿತ ನಾಲ್ಕು ಅಕ್ಷರದಲ್ಲಿ ಇಷ್ಟು ಬರೆಯಲು ನನಗೆ ಆರು ದಿನ ಹಿಡಿಯಿತು. ಹೇಳಬೇಕಾದ ಮಾತು ಒಂದೇ ಸಾಲಿನದು, ಅದನ್ನು ಕೇಳಬೇಕಾದವಳು ಇಲ್ಲ. ಅತ್ತೆ, ಅದು ಪುಡಿಯಲ್ಲ, ನನಗೆ ಗೊತ್ತಿತ್ತು.